ಪಾರುಪತ್ತೇಗಾರ ಬದಲಾದಾಗ

ಹಳೆಯ ಮೈಸೂರು ಸೀಮೆಯ ದೊಡ್ಡ ದೇವಸ್ಥಾನಗಳಲ್ಲಿ ಪಾರುಪತ್ತೇಗಾರನೆಂಬ ಒಬ್ಬ ಅಧಿಕಾರಿಯಿರುತ್ತಿದ್ದನು. ಉಗ್ರಾಣದಲ್ಲಿ ಅಕ್ಕಿ ಬೇಳೆ ಎಷ್ಟಿದೆ, ಯಾವ ಬೀಗದ ಕೈ ಯಾರ ಬಳಿಯಿದೆ, ಪರಿಚಾರಕರಲ್ಲಿ ಯಾರು ಯಾವ ಹೊತ್ತಿಗೆ ಬರಬೇಕು, ಯಾರನ್ನು ಎಲ್ಲಿಯವರೆಗೆ ಬಿಡಬೇಕು ಎಂಬುದೆಲ್ಲವೂ ಅವನ ಉಸ್ತುವಾರಿಗೆ ಸೇರಿದ್ದು. ದರ್ಶನಕ್ಕೆ ಬಂದ ಭಕ್ತರು ಅವನತ್ತ ತಿರುಗಿಯೂ ನೋಡರು. ಆದರೆ ಅವನಿಗೆ ವರ್ಗವಾಗಿ ಆ ಸ್ಥಳಕ್ಕೆ ಬೇರೊಬ್ಬನು ಬಂದ ದಿನ, ಗಂಧದ ಕೊರಡು ಎಲ್ಲಿದೆಯೆಂಬುದು ಕೂಡ ಯಾರಿಗೂ ತಿಳಿಯದೆ ಗುಡಿಯೆಲ್ಲ ಗಲಿಬಿಲಿಯಾಗುವುದು.

ಮನೆಯ ಮೂಲೆಯಲ್ಲಿ ಕುಳಿತ ಕಂಪ್ಯೂಟರಿಗೂ ಇಂಥ ಒಬ್ಬ ಪಾರುಪತ್ತೇಗಾರನುಂಟು. ಅವನ ಹೆಸರು ಆಪರೇಟಿಂಗ್ ಸಿಸ್ಟಂ. ಕನ್ನಡದಲ್ಲಿ ಹೇಳುವುದಾದರೆ ಕಾರ್ಯಾಚರಣ ವ್ಯವಸ್ಥೆ. ಯಂತ್ರದ ಉಗ್ರಾಣದಲ್ಲಿ ಯಾವ ಕಡತ ಎಲ್ಲಿರಬೇಕು, ಸ್ಮರಣೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಜಾಗ, ಮುದ್ರಣಯಂತ್ರಕ್ಕೆ ಯಾವಾಗ ಅಪ್ಪಣೆ, ಯಾರಿಗೆ ಎಷ್ಟು ಅಧಿಕಾರ ಎಂಬುದನ್ನೆಲ್ಲ ನೋಡಿಕೊಳ್ಳುವವನು ಅವನೇ. ಪತ್ರ ಬರೆಯುವವರೂ ಚಿತ್ರ ನೋಡುವವರೂ ಅವನನ್ನು ಗಮನಿಸುವುದಿಲ್ಲ. ಅವನು ಬದಲಾದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಈ ಬದಲಾವಣೆ ಈಗ ಅನೇಕ ಮನೆಗಳ ಹೊಸ್ತಿಲಿಗೆ ಬಂದು ನಿಂತಿದೆ. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಮಾತ್ರಕ್ಕೆ ಯಂತ್ರ ನಿಂತುಹೋಗಲಿಲ್ಲ. ಆದರೆ ಹೊಸದಾಗಿ ಕಂಡುಬರುವ ರಕ್ಷಣೆಯ ಲೋಪಗಳಿಗೆ ಹಾಕುತ್ತಿದ್ದ ತೇಪೆ ನಿಂತಿತು. ಗೋಡೆ ಬಿರುಕುಬಿಟ್ಟರೆ ಗಾರೆಯವನು ಬರುವುದಿಲ್ಲವೆಂದು ಅರ್ಥ. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಪ್ಪುವವನಲ್ಲ. ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಬೇಕೆಂಬುದು ಅವನ ನಿಬಂಧನೆ. ಹೀಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳ ಮುಂದೆ ಎರಡೇ ದಾರಿ ಕಾಣಿಸುತ್ತವೆ. ಒಂದು ಗುಜರಿ ಅಂಗಡಿಗೆ. ಇನ್ನೊಂದು ಹೊಸ ಪಾರುಪತ್ತೇಗಾರನ ಕಡೆಗೆ.

ಆ ಹೊಸಬನ ಹೆಸರು ಲಿನಕ್ಸ್. ವಾಸ್ತವವಾಗಿ ಅವನು ಹೊಸಬನೇನೂ ಅಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಮಾದರಿಯಲ್ಲಿ, ಆದರೆ ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಹಂಚಬಹುದಾದ ವ್ಯವಸ್ಥೆಯೊಂದು ಬೇಕೆಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದಕ್ಕೆ ಒಪ್ಪುವ ಒಳತಿರುಳನ್ನು ಬರೆದನು. ಈ ಎರಡರ ಕೂಟವೇ ಇಂದಿನ ಲಿನಕ್ಸ್. ಇದನ್ನು ಬೇರೆ ಬೇರೆ ತಂಡದವರು ಬೇರೆ ಬೇರೆ ಅಲಂಕಾರ ಮಾಡಿ ಹಂಚುತ್ತಾರೆ: 2004ರಲ್ಲಿ ಬಂದ ಉಬುಂಟು, 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಮನೆಬಳಕೆಯವರಿಗೆ ಹೆಚ್ಚು ಪರಿಚಿತವಾದವು. ಯಾವುದಕ್ಕೂ ಬೆಲೆಯಿಲ್ಲ.

ಹೊಸದು ಕಷ್ಟವೆಂಬ ಭಾವನೆ ವಸ್ತುವಿನಲ್ಲಿದೆಯೋ ಅಭ್ಯಾಸದಲ್ಲಿದೆಯೋ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ಮೂಲೆಹೊಳೆಯ ಕಾಡುದಾರಿಯಾಗಿ ಗಡಿ ದಾಟಿದರೆ ಕೇರಳದ ವಯನಾಡು. ಆ ರಾಜ್ಯ 2001ರಲ್ಲಿ ಶಾಲಾಮಕ್ಕಳಿಗಾಗಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ತೊಡಗಿ, ಕೆಲವೇ ವರ್ಷಗಳಲ್ಲಿ ಪಾಠವನ್ನು ಲಿನಕ್ಸಿಗೆ ಒಗ್ಗಿಸಿತು. 2017ರಿಂದ ‘ಕೈಟ್’ ಎಂಬ ಸಂಸ್ಥೆ ಆ ಹೊಣೆ ಹೊತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಲಿಯುವುದೂ ಇದನ್ನೇ. ಮೊದಲು ಕಂಡದ್ದೇ ಲಿನಕ್ಸ್ ಆದ ಆ ಮಕ್ಕಳಿಗೆ ಅದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ವಿಂಡೋಸ್ ಕಂಡರೇ ಅವರು ತಡವರಿಸಿಯಾರು. ಅಂದಮೇಲೆ ತೊಡಕು ಯಂತ್ರದ್ದಲ್ಲ, ಕೈಯ ರೂಢಿಯದು. ರೂಢಿ ಹದಿನೈದು ದಿನಗಳಲ್ಲಿ ಬದಲಾಗುತ್ತದೆ. ನಿಜವಾಗಿ ಹೆದರಬೇಕಾದ ವಿಷಯ ಬೇರೆಯೇ ಒಂದಿದೆ.

ಅದೇನೆಂದು ಕಾಣಲು ಉಡಿಗಾಲದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಆ ಊರಿನಲ್ಲಿ ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಮದುವೆಮನೆಗಳ ಸೋಬಾನೆ ಪದಗಳನ್ನೂ, ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯ ಭಾಗಗಳನ್ನೂ, ನೀಲಗಾರರಿಂದ ಕೇಳಿದ ಮಂಟೇಸ್ವಾಮಿಯ ಪದಗಳನ್ನೂ ಅವರು ವರ್ಷಗಟ್ಟಲೆ ಕುಳಿತು ಹಳೆಯ ನುಡಿ ತಂತ್ರಾಂಶದಲ್ಲಿ ಅಚ್ಚು ಮಾಡಿಟ್ಟಿದ್ದಾರೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಮೈಸೂರಿನಲ್ಲಿ ಓದುವ ಮೊಮ್ಮಗನು ರಜಕ್ಕೆ ಬಂದವನು ಉತ್ಸಾಹದಿಂದ ಯಂತ್ರಕ್ಕೆ ಲಿನಕ್ಸ್ ಹಾಕುತ್ತಾನೆ. ಪುಣ್ಯಕ್ಕೆ ಕಡತಗಳನ್ನು ಮೊದಲೇ ಬೇರೆಡೆ ತೆಗೆದಿಟ್ಟಿದ್ದಾನೆ. ತೆರೆದು ನೋಡಿದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು.

“ಇದೇನಪ್ಪಾ, ನನ್ನ ಪದವೆಲ್ಲ ಕೆಟ್ಟೋದವಲ್ಲ!” ಎಂದು ಮೇಷ್ಟರು ಹಣೆ ಒತ್ತಿಕೊಳ್ಳುತ್ತಾರೆ.

“ಕೆಟ್ಟಿಲ್ಲ ತಾತ, ವೇಷ ಹಾಕ್ಕೊಂಡವೆ ಅಷ್ಟೆ” ಎನ್ನುತ್ತಾನೆ ಮೊಮ್ಮಗ.

ಅವನ ಮಾತು ನಿಜ. ಕನ್ನಡದ ಅಕ್ಷರಗಳಿಗೆ ಯಂತ್ರದಲ್ಲಿ ಸ್ವಂತ ಸ್ಥಾನ ಬಳಕೆಗೆ ಬರುವ ಮುನ್ನ, ತಂತ್ರಾಂಶಗಳು ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಕೂರುವ ಪೀಠಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸುತ್ತಿದ್ದವು. ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಮೇಲೆ ಕಾಣುವುದು ಕನ್ನಡದ ರೂಪ. 1998ರ ‘ಬರಹ’ದ ಹಳೆಯ ಕಡತಗಳೂ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಕಡತಗಳೂ ಈ ಬಗೆಯವು. ಆ ಕಾಲಕ್ಕೆ ಕನ್ನಡವನ್ನು ಯಂತ್ರಕ್ಕೆ ತಂದ ಉಪಕಾರ ಅವುಗಳದ್ದು, ಅದನ್ನು ಮರೆಯಕೂಡದು. ಆದರೆ ಆಯಾ ಫಾಂಟು ಇಲ್ಲದ ಯಂತ್ರಕ್ಕೆ ಹೋದೊಡನೆ ವೇಷ ಕಳಚಿ ಬೀಳುತ್ತದೆ. ಫಾಂಟನ್ನು ತಂದು ಸೇರಿಸಿದರೆ ಕಣ್ಣಿಗೆ ಕನ್ನಡ ಕಂಡೀತು. ಹುಡುಕಲು ಹೋದರೆ ‘ಮಾದಪ್ಪ’ ಎಂಬ ಒಂದು ಶಬ್ದವೂ ಸಿಗದು.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಪೀಠಗಳು ಮೀಸಲಾದವು. ದಶಮಾನ ಗಣನೆಯಲ್ಲಿ ಅವು 3200ರಿಂದ 3327ರವರೆಗಿನ ಸಂಖ್ಯೆಗಳು. ‘ಕ’ಕಾರದ ಸಂಖ್ಯೆ 3221. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಕೈಯೊಳಗಿನ ಮೊಬೈಲೇ ಇರಲಿ, 3221 ಎಂದರೆ ‘ಕ’ವೇ ಹೊರತು ಬೇರೆಯಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿಕೊಳ್ಳುವುದು ಲೇಸು. ಆದ್ದರಿಂದ ಹೊಸ ವ್ಯವಸ್ಥೆಗೆ ಹೊರಟವರ ಮೊದಲ ಕೆಲಸ ಹೊಸದನ್ನು ಕಲಿಯುವುದಲ್ಲ, ಹಳೆಯದನ್ನು ಕಾಪಾಡಿಕೊಳ್ಳುವುದು. ಬರಹ, ಭಾವಚಿತ್ರ, ಲೆಕ್ಕಪತ್ರ ಎಲ್ಲವನ್ನೂ ಯಂತ್ರದ ಹೊರಗೆ ಬೇರೊಂದು ಡಿಸ್ಕಿನಲ್ಲಿ ಪ್ರತಿಮಾಡಿ, ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಮಾತು.

ಮುಂದಿನ ಹೆಜ್ಜೆ, ಮದುವೆಗೆ ಮುಂಚೆ ಹೆಣ್ಣು ನೋಡಿ ಬಂದಂತೆ. ಲಿನಕ್ಸನ್ನು ಯಂತ್ರದೊಳಗೆ ಸ್ಥಾಪಿಸದೆಯೇ ಪರೀಕ್ಷಿಸಿ ನೋಡಬಹುದು. ಅಂತರ್ಜಾಲದಿಂದ ಅದರ ಪ್ರತಿಯನ್ನು ಇಳಿಸಿಕೊಂಡು, 8 ಗಿಗಾಬೈಟಿನ ಒಂದು ಖಾಲಿ ಪೆನ್‌ಡ್ರೈವಿಗೆ ರೂಫಸ್‌ನಂಥ ಸಾಧನದಿಂದ ಬರೆಯಬೇಕು. ಸುಮ್ಮನೆ ಕಡತವನ್ನು ನಕಲು ಮಾಡಿದರೆ ಸಾಲದು. ಬಳಿಕ ಅದನ್ನು ಚುಚ್ಚಿ ಯಂತ್ರವನ್ನು ಚಾಲೂ ಮಾಡುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ, ಯಾವುದರಿಂದ ಆರಂಭಿಸಲಿ ಎಂದು ಯಂತ್ರ ಕೇಳುತ್ತದೆ. ಕೀಲಿ ಯಾವುದೆಂಬುದು ತಯಾರಕರನ್ನು ಅನುಸರಿಸಿ ಬೇರೆಯಾಗುತ್ತದೆ. ಪೆನ್‌ಡ್ರೈವನ್ನು ಆರಿಸಿದರೆ ಹೊಸ ವ್ಯವಸ್ಥೆ ಅದರಿಂದಲೇ ಎದ್ದುಬರುತ್ತದೆ. ಒಳಗಿನ ಡಿಸ್ಕು ಇದ್ದಂತೆಯೇ ಇರುತ್ತದೆ. ವೈಫೈ ಸಿಗುತ್ತದೆಯೇ, ಧ್ವನಿ ಕೇಳಿಸುತ್ತದೆಯೇ, ಪ್ರಿಂಟರು ಮಾತು ಕೇಳುತ್ತದೆಯೇ, ಕನ್ನಡ ಸರಿಯಾಗಿ ಕಾಣುತ್ತದೆಯೇ ಎಂದು ಎರಡು ದಿನ ಆಡಿ ನೋಡಬಹುದು. ಹಿಡಿಸದಿದ್ದರೆ ಪೆನ್‌ಡ್ರೈವನ್ನು ಕಿತ್ತಿಟ್ಟರೆ ಮುಗಿಯಿತು. ಹಿಡಿಸಿದರೆ ಸ್ಥಾಪನೆ. ಆಗ ‘ಡಿಸ್ಕನ್ನು ಅಳಿಸಲೇ, ವಿಂಡೋಸಿನ ಪಕ್ಕದಲ್ಲಿ ಕೂರಲೇ’ ಎಂದು ಬರುವ ಪ್ರಶ್ನೆಗೆ ಮಾತ್ರ ಅವಸರದಿಂದ ಉತ್ತರ ಕೊಡಕೂಡದು. ಯಂತ್ರದ ಸ್ಮರಣೆ 4 ಗಿಗಾಬೈಟ್ ಇದ್ದರೆ ಅನುಕೂಲ. 2 ಮಾತ್ರ ಇದ್ದರೆ ಮಿಂಟ್‌ನ ‘ಎಕ್ಸ್ಎಫ್‌ಸಿಇ’ ಎಂಬ ಹಗುರವಾದ ರೂಪವನ್ನು ಪ್ರಯತ್ನಿಸಬಹುದು.

ಇನ್ನು ಕನ್ನಡದಲ್ಲಿ ಬರೆಯುವ ಮಾತು. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಕನ್ನಡವನ್ನು ಹುಡುಕಿದರೆ ‘ಕಾಗಪ’ ಎಂಬ ವಿನ್ಯಾಸ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳಿಂದಾದ ಹೆಸರು ಅದು, ಮೂಲದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಸಂತತಿ. ನುಡಿಯಲ್ಲಿ ಬರೆದು ಪಳಗಿದ ಬೆರಳುಗಳಿಗೆ ಇದು ತವರುಮನೆ. ‘ಕೆ’ ಕೀಲಿಗೆ ‘ಕ’, ಶಿಫ್ಟಿನೊಡನೆ ಒತ್ತಿದರೆ ‘ಖ’, ‘ಎಫ್’ ಒತ್ತಿದರೆ ಒತ್ತಕ್ಷರಕ್ಕೆ ಬೇಕಾದ ವಿರಾಮ. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಸ್ಪೇಸ್ ಪಟ್ಟಿಯೊಡನೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಹಾಯಬಹುದು. ಫಾಂಟುಗಳಿಗೂ ಬರವಿಲ್ಲ: ಲೋಹಿತ್, ನೋಟೋ ಅಲ್ಲದೆ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನವೂ ಉಂಟು. ಪತ್ರ, ಪುಸ್ತಕ ಬರೆಯಲು ಲಿಬ್ರೆಆಫೀಸ್ ಇದೆ.

ಮೊದಲ ವಾರದಲ್ಲಿ ಬೆಚ್ಚಿಬೀಳಿಸುವ ಸಂಗತಿಗಳು ಮೂರೋ ನಾಲ್ಕೋ ಮಾತ್ರ. ಒಂದು, ಇಲ್ಲಿ ‘ಸಿ ಡ್ರೈವ್, ಡಿ ಡ್ರೈವ್’ ಎಂಬ ಬೇರೆ ಬೇರೆ ಕೋಣೆಗಳಿಲ್ಲ. ಒಂದೇ ಬೇರಿನಿಂದ ಹೊರಟ ಮರದಂತೆ ಎಲ್ಲ ಕೊಂಬೆಗಳು. ಅದರಲ್ಲಿ ‘ಹೋಂ’ ಎಂಬ ಕೊಂಬೆಯಲ್ಲಿ ಮನೆಯವರ ಗೂಡು. ಎರಡು, ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳು ಬೇರೆಬೇರೆಯೆಂದೇ ಲೆಕ್ಕ. ಮೂರು, ತಂತ್ರಾಂಶಗಳನ್ನು ಕಂಡಕಂಡ ಜಾಲತಾಣಗಳಿಂದ ತರುವುದಿಲ್ಲ. ವ್ಯವಸ್ಥೆಯೊಳಗೇ ಇರುವ ಭಂಡಾರದಿಂದ ಆರಿಸಿಕೊಳ್ಳುವುದು ರೂಢಿ. ನಾಲ್ಕು, ಮಹತ್ವದ ಬದಲಾವಣೆ ಮಾಡುವಾಗಲೆಲ್ಲ ಪಾರುಪತ್ತೇಗಾರನು ಗುಪ್ತಪದವನ್ನು ಕೇಳುತ್ತಾನೆ. ಟರ್ಮಿನಲ್ ಎಂಬ ಕಿಟಕಿಯಲ್ಲಿ ಅದನ್ನು ಬರೆಯುವಾಗ ಒಂದು ಚುಕ್ಕೆಯೂ ಕಾಣಿಸದಿರುವುದುಂಟು. ಕೀಬೋರ್ಡು ಕೆಟ್ಟಿತೆಂದು ಹಲವರು ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ, ಪಕ್ಕದವರು ಎಣಿಸಬಾರದೆಂಬ ಜಾಗರೂಕತೆ ಅಷ್ಟೆ. ಬರೆದು ಎಂಟರ್ ಒತ್ತಿದರಾಯಿತು.

ಆ ಕಪ್ಪು ಕಿಟಕಿಯನ್ನು ಕಂಡು ಅಂಜಬೇಕಾದ್ದಿಲ್ಲ. ನಿತ್ಯದ ಕೆಲಸಕ್ಕೆ ಅದು ಬೇಕಾಗುವುದು ಅಪರೂಪ. ಕುತೂಹಲವಿದ್ದವರು ‘ಪಿಡಬ್ಲ್ಯುಡಿ’ ಎಂದು ಸಣ್ಣಕ್ಷರಗಳಲ್ಲಿ ಬರೆದು ನೋಡಬಹುದು. ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. ‘ಈಗ ಯಾವ ಕೋಣೆಯಲ್ಲಿದ್ದೇನೆ’ ಎಂಬ ಪ್ರಶ್ನೆಗೆ ಅದು ಥಟ್ಟನೆ ಉತ್ತರ ಹೇಳುತ್ತದೆ, ಇಲಾಖೆಯಂತೆ ನಾಳೆ ಬಾ ಎನ್ನುವುದಿಲ್ಲ. ‘ಎಲ್ಎಸ್’ ಎಂದರೆ ಆ ಕೋಣೆಯಲ್ಲಿ ಏನೇನಿದೆಯೆಂಬ ಪಟ್ಟಿ. ಆದರೆ ಅರ್ಥ ತಿಳಿಯದ ಅಪ್ಪಣೆಯನ್ನು, ಯಾರೋ ಬರೆದರೆಂದು, ‘ಸುಡೋ’ ಎಂಬ ಅಧಿಕಾರಮುದ್ರೆಯೊಡನೆ ಒತ್ತಬಾರದು. ಉಗ್ರಾಣದ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತಾದೀತು.

ಎಲ್ಲರೂ ಇಂದೇ ಬದಲಾಗಬೇಕೆಂದು ಹೇಳುವುದು ನ್ಯಾಯವಲ್ಲ. ವಿಂಡೋಸಿಗಾಗಿಯೇ ರಚಿತವಾದ ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ಒಂದು ನಿರ್ದಿಷ್ಟ ತಂತ್ರಾಂಶವನ್ನೇ ಕಚೇರಿ ಕೇಳುವವರು ಎರಡೂ ವ್ಯವಸ್ಥೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳುವುದೇ ಜಾಣತನ. ಪತ್ರವ್ಯವಹಾರ, ಓದು, ಬರಹ, ಮಕ್ಕಳ ಪಾಠ, ಹಾಡು, ಚಿತ್ರ ಇಷ್ಟೇ ಬೇಕಾದ ಮನೆಗೆ ಹಳೆಯ ಯಂತ್ರವೂ ಹೊಸ ವ್ಯವಸ್ಥೆಯೂ ಸೇರಿ ಇನ್ನೂ ಹಲವು ವರ್ಷ ಸೇವೆ ಸಲ್ಲಿಸಬಲ್ಲವು.

ಪಾರುಪತ್ತೇಗಾರರು ಬರುತ್ತಾರೆ, ಹೋಗುತ್ತಾರೆ. ಇಂದಿನವನೂ ಒಂದು ದಿನ ನಿವೃತ್ತನಾಗತಕ್ಕವನೇ. ಉಗ್ರಾಣದಲ್ಲಿರುವ ಧಾನ್ಯ ಮಾತ್ರ ಮನೆಯವರದ್ದು; ಅದನ್ನು ಬಿತ್ತಿ ಬೆಳೆದವರು ಮತ್ತೆ ಬರುವುದಿಲ್ಲ. ಯಾವ ಅಧಿಕಾರಿ ಬಂದರೂ ಓದಬಲ್ಲ ಅಕ್ಷರದಲ್ಲಿ, ಒಂದಲ್ಲ ಎರಡು ಕಡೆ, ಅದನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಹೊಸಬನ ಮುಖ ನೋಡಿ ಅಂಜುವ ಕಾರಣವಿಲ್ಲ.