ಬಣ್ಣ ಹೆಚ್ಚಿದರೆ ನಿಜ ಹೆಚ್ಚೀತೆ?

ನಾಲ್ಕು ಮಸಿಗಳ ಕಾಲ ಮುಗಿಯಿತು, ಏಳು ಮಸಿಗಳ ಯಂತ್ರ ಬಂದಿದೆ, ಇನ್ನು ಯಾವ ವರ್ಣಚಿತ್ರವನ್ನಾದರೂ ಗೋಡೆಯಗಲಕ್ಕೆ ಮೂಲದಂತೆಯೇ ಅಚ್ಚುಹಾಕಬಹುದು ಎಂಬ ಮಾತು ಮುದ್ರಣದ ಅಂಗಡಿಗಳಿಂದ ಹೊರಟು ವಿದ್ಯಾವಂತರ ಬಾಯಿಗೂ ಬಂದಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಅದು ಅಪಾಯಕರ.

ಸತ್ಯವಾದ ಅರ್ಧವನ್ನು ಮೊದಲು ಒಪ್ಪಿಬಿಡೋಣ. ಸಯಾನ್, ಮಜೆಂಟಾ, ಹಳದಿ ಮಸಿಗಳಲ್ಲಿ ಯಾವುದೂ ಪರಿಶುದ್ಧವಲ್ಲ. ಮಜೆಂಟಾ ಹಸಿರು ಬೆಳಕನ್ನು ಮಾತ್ರ ನುಂಗಬೇಕು, ನೀಲಿಗೂ ಬಾಯಿಹಾಕುತ್ತದೆ. ಸಯಾನ್ ಕೆಂಪನ್ನು ಮಾತ್ರ ನುಂಗಬೇಕು. ಹಸಿರನ್ನೂ ಒಂದಿಷ್ಟು ಕಬಳಿಸುತ್ತದೆ. ಆದಕಾರಣ ಇವೆರಡನ್ನೂ ಬೆರೆಸಿ ಪಡೆದ ನೇರಳೆ ಮಂಕಾಗುತ್ತದೆ. ಕಿತ್ತಳೆ, ಹಸಿರು, ನೇರಳೆ ಮಸಿಗಳನ್ನೇ ಬೇರೆಯಾಗಿ ಸೇರಿಸಿದರೆ ಈ ಕೊರತೆ ಬಹಳಮಟ್ಟಿಗೆ ನೀಗುವುದು ನಿರ್ವಿವಾದ. 1994ರಲ್ಲಿ ಪ್ಯಾಂಟೋನ್ ಸಂಸ್ಥೆ ಆರು ಮಸಿಗಳ ಹೆಕ್ಸಾಕ್ರೋಮ್ ಪದ್ಧತಿಯನ್ನು ತಂದದ್ದೂ ಇದಕ್ಕೇ. ಅಷ್ಟೇಕೆ, ಅದಕ್ಕೆ ನೂರು ವರ್ಷ ಮೊದಲು, 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಸಿದ್ಧವಾಗುತ್ತಿತ್ತು. ಹೆಚ್ಚು ಮಸಿ ಎಂಬುದು ಹೊಸ ಪವಾಡವೇನಲ್ಲ.

ಆದರೆ ಮಸಿಯ ಶಕ್ತಿ ಬೇರೆ, ಬಣ್ಣದ ನಿಷ್ಠೆ ಬೇರೆ. ನಿಘಂಟು ದಪ್ಪವಾದ ಮಾತ್ರಕ್ಕೆ ಕವಿಯ ಮಾತು ನಿಜವಾಗುವುದುಂಟೆ? ಹೊಳಪು ಕೈಗೆ ಸಿಕ್ಕಿತೆಂದು ಎಲ್ಲವನ್ನೂ ಹೊಳೆಯಿಸಿದರೆ ಮಾಗಿದ ಕಾವಿ ಕಿತ್ತಳೆಯಾಗುತ್ತದೆ, ಹೆಣ್ಣಿನ ಮೈಬಣ್ಣ ಅರಿಶಿನ ಬಳಿದಂತಾಗುತ್ತದೆ. ನಿಷ್ಠೆ ಬರುವುದು ಅಳತೆಯಿಂದ. ಬಣ್ಣದ ಚೌಕಗಳನ್ನು ಅಚ್ಚುಹಾಕಿ, ಸ್ಪೆಕ್ಟ್ರೋಫೋಟೋಮೀಟರಿನಿಂದ ಅಳೆದು, ಆ ಯಂತ್ರಕ್ಕೂ ಆ ಮಸಿಗೂ ಆ ಕ್ಯಾನ್ವಾಸಿಗೂ ಒಪ್ಪುವ ಪ್ರೊಫೈಲನ್ನು ಕಟ್ಟಬೇಕು. ಕ್ಯಾನ್ವಾಸ್ ಬದಲಾದರೆ ಮತ್ತೆ ಮೊದಲಿನಿಂದ ಅಳೆಯಬೇಕು. ಮೂಲದ ಛಾಯಾಚಿತ್ರವೇ ಎಸ್‌ಆರ್‌ಜಿಬಿಯ ಕಿರಿದಾದ ಬೇಲಿಯೊಳಗೆ ಬಂದಿದ್ದರೆ, ಅಲ್ಲಿ ಕತ್ತರಿಸಿಹೋದ ಬಣ್ಣವನ್ನು ಏಳನೆಯ ಮಸಿ ಎಲ್ಲಿಂದ ತಂದೀತು?

ಇದು ಅಂಗಡಿಯವರ ಒಳಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳ ಮುಂದೆ ನಿಲ್ಲುವ ಅವಕಾಶ ಸಿಗದ ವಿದ್ಯಾರ್ಥಿಗೆ ಗೋಡೆಯ ಮೇಲಿನ ನಕಲೇ ರವಿವರ್ಮ. ಆ ನಕಲು ಸುಳ್ಳು ಹೇಳಿದರೆ ಅವನ ಕಣ್ಣು ಸುಳ್ಳನ್ನೇ ಕಲಿಯುತ್ತದೆ. ಮುಂದೊಂದು ದಿನ ಮೂಲವನ್ನು ಕಂಡಾಗ ಅದೇ ಅವನಿಗೆ ಮಂಕಾಗಿ ತೋರುತ್ತದೆ.

ಆದ್ದರಿಂದ ಸಭಾಭವನಕ್ಕೋ ಶಾಲೆಗೋ ಇಂಥ ಪ್ರತಿಯನ್ನು ಮಾಡಿಸುವವರು, ಮಸಿ ಎಷ್ಟು ಬಗೆಯದೆಂದು ಕೇಳಿ ತೃಪ್ತರಾಗದಿರಲಿ. ಸಣ್ಣದೊಂದು ಮಾದರಿಯನ್ನು ಅಚ್ಚುಹಾಕಿಸಿ, ಮೂಲದ ಪಕ್ಕದಲ್ಲಿ, ಒಂದೇ ಬೆಳಕಿನಲ್ಲಿ ಹಿಡಿದು ನೋಡಲಿ. ಹೋಲದಿದ್ದರೆ ಹಿಂದಕ್ಕೆ ಕಳಿಸಲಿ. ಕಣ್ಣು ಕುಕ್ಕುವ ಬಣ್ಣಕ್ಕೆ ನಮ್ಮಲ್ಲಿ ಬರವಿಲ್ಲ.