ಪಾಲಿಕೆ ನೌಕರರ ಬೋನಸ್, ಧಾರಾವಿಯ ಗಾಲಾ ತೆರಿಗೆ: ನಮ್ಮ ಸಿಟ್ಟು ಯಾರ ಮೇಲೆ?

ಮುಂಬಯಿ ಮಹಾನಗರ ಪಾಲಿಕೆಯ ನೌಕರರಿಗೆ ದೀಪಾವಳಿ ಬೋನಸ್ ಘೋಷಣೆಯಾದಾಗಲೆಲ್ಲ ನಮ್ಮ ಹೋಟೆಲುಗಳ ಗಲ್ಲೆಯ ಬಳಿ ಒಂದೇ ಮಾತು ಕೇಳಿಬರುತ್ತದೆ. ನಾವು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು, ಅವರು ಕೂತಲ್ಲಿಗೇ ಬೋನಸ್ ತರಿಸಿಕೊಳ್ಳುವುದು! 2023ರಲ್ಲಿ 26,000 ರೂಪಾಯಿ ಇದ್ದದ್ದು 2024ರಲ್ಲಿ 29,000 ಆಯಿತು, 2025ರಲ್ಲಿ 31,000ಕ್ಕೆ ಏರಿತು. ಅದೇ 2025ರ ಫೆಬ್ರವರಿಯಲ್ಲಿ ಮಂಡಿಸಿದ ಪಾಲಿಕೆ ಬಜೆಟ್‌ನಲ್ಲಿ ಝೋಪಡಪಟ್ಟಿಗಳಲ್ಲಿರುವ ಅಂಗಡಿ, ಗೋದಾಮು, ಹೋಟೆಲುಗಳಿಗೂ ಆಸ್ತಿ ತೆರಿಗೆ ವಿಧಿಸುವ ಪ್ರಸ್ತಾಪ ಬಂದ ಮೇಲೆ ಧಾರಾವಿಯ ನಮ್ಮ ಸದಸ್ಯರ ಅಸಮಾಧಾನ ಇಮ್ಮಡಿಯಾದುದು ಸಹಜವೇ. ನಮ್ಮ ಗಾಲಾದ ತೆರಿಗೆಯಿಂದ ಅವರ ಬೋನಸ್ ಎಂಬುದು ಈಗ ಬಹುತೇಕ ಎಲ್ಲರ ಬಾಯಲ್ಲಿದೆ.

ಲೆಕ್ಕ ಬಲ್ಲವರು ನಾವು. ಮೊದಲು ಲೆಕ್ಕವನ್ನೇ ನೋಡೋಣ.

ಪಾಲಿಕೆ ಹೇಳಿದ್ದು ಇಷ್ಟು. ನಗರದ ಝೋಪಡಪಟ್ಟಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಗುಡಿಸಲು-ಮನೆಗಳಿವೆ, ಅವುಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು, ಅಂದರೆ ಸುಮಾರು 50,000, ವ್ಯಾಪಾರಕ್ಕೆ ಬಳಕೆಯಾಗುತ್ತಿವೆ, ಅವುಗಳಿಂದ ವರ್ಷಕ್ಕೆ 350 ಕೋಟಿ ರೂಪಾಯಿ ಬರಬಹುದು. 350 ಕೋಟಿಯನ್ನು 50,000 ಗಾಲಾಗಳಿಗೆ ಹಂಚಿದರೆ ಒಂದಕ್ಕೆ ವರ್ಷಕ್ಕೆ 70,000 ರೂಪಾಯಿ, ತಿಂಗಳಿಗೆ ಹತ್ತಿರ ಹತ್ತಿರ ಆರು ಸಾವಿರ. ಇದು ಸರಾಸರಿ; ದೊಡ್ಡ ಗೋದಾಮಿಗೆ ಹೆಚ್ಚು, ಚಿಕ್ಕ ಚಹಾದಂಗಡಿಗೆ ಕಡಿಮೆ ಬೀಳಬಹುದು. ಆದರೂ ಐದು ಬೆಂಚು ಹಾಕಿ ಇಡ್ಲಿ-ವಡೆ ಮಾರುವ ನಮ್ಮ ಸಣ್ಣ ಹೋಟೆಲಿಗನಿಗೆ ಇದು ಚಿಕ್ಕ ಮೊತ್ತವಲ್ಲ.

ಪಾಲಿಕೆಯ ಕಡೆಯಿಂದ ನೋಡಿದರೆ? 2025-26ರ ಬಜೆಟ್ 74,427 ಕೋಟಿ. ಅದರಲ್ಲಿ 350 ಕೋಟಿ ಎಂದರೆ ನೂರು ರೂಪಾಯಿಗೆ ಐವತ್ತು ಪೈಸೆಯೂ ಅಲ್ಲ. ಬೋನಸ್ಸೂ ಅಷ್ಟೇ, ನೌಕರರ ಸಂಖ್ಯೆಯನ್ನು ಲಕ್ಷದ ಆಸುಪಾಸು ಎಂದು ಹಿಡಿದರೆ ಮುನ್ನೂರು ಕೋಟಿಯ ಸುತ್ತಮುತ್ತ. ಎರಡೂ ಮೊತ್ತ ಕಾಕತಾಳೀಯವಾಗಿ ಹತ್ತಿರ ಹತ್ತಿರ ಇರುವುದರಿಂದಲೇ ನಮ್ಮವರ ಮಾತಿಗೆ ಅಷ್ಟು ರುಚಿ ಬಂದಿದೆ. ಆದರೆ ಪಾಲಿಕೆಯ ಗಲ್ಲೆ ಬರಿದಾಗುತ್ತಿರುವುದು ಈ ಮುನ್ನೂರು ಕೋಟಿಯಿಂದ ಅಲ್ಲವೇ ಅಲ್ಲ.

ಹಣ ಹೋಗುತ್ತಿರುವುದು ಬೇರೆ ಕಡೆಗೆ. ಅದೇ ಬಜೆಟ್‌ನಲ್ಲಿ 43,162 ಕೋಟಿ, ಅಂದರೆ ನೂರಕ್ಕೆ 58ರಷ್ಟು, ಬಂಡವಾಳ ಕಾಮಗಾರಿಗಳಿಗೆ. ರಸ್ತೆಗಳ ಕಾಂಕ್ರೀಟೀಕರಣ, ಗೋರೆಗಾಂವ್-ಮುಲುಂಡ್ ಜೋಡುರಸ್ತೆ, ಕರಾವಳಿ ರಸ್ತೆಯ ಮುಂದಿನ ಭಾಗ, ಮಲಿನ ನೀರಿನ ಶುದ್ಧೀಕರಣ ಘಟಕಗಳು ಹೀಗೆ. ಇವು ಬೇಡ ಎಂದು ಯಾರೂ ಹೇಳರು. ಆದರೆ ಒಟ್ಟಿಗೆ ಇಷ್ಟೊಂದನ್ನು ಕೈಗೆತ್ತಿಕೊಂಡಾಗ ಠೇವಣಿಗೆ ಕೈ ಹಾಕಲೇಬೇಕಾಗುತ್ತದೆ. 2022ರ ಸುಮಾರಿಗೆ 90,000 ಕೋಟಿ ದಾಟಿದ್ದ ಪಾಲಿಕೆಯ ಬ್ಯಾಂಕ್ ಠೇವಣಿ 2025ರ ಬಜೆಟ್ ಹೊತ್ತಿಗೆ 81,774 ಕೋಟಿಗೆ ಇಳಿದಿತ್ತು. ಅದೂ ಪೂರ್ತಿ ಪಾಲಿಕೆಯ ಸ್ವಂತದ್ದಲ್ಲ. ಸುಮಾರು ಅರ್ಧದಷ್ಟು ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರ ಠೇವಣಿ ಇತ್ಯಾದಿ. ಹೋಟೆಲ್ ವಿಸ್ತರಣೆಗೆಂದು ಕೆಲಸಗಾರರ ಪಿ.ಎಫ್. ಹಣದ ಹತ್ತಿರ ಸುಳಿಯುವ ಮಾಲೀಕನ ಬಗ್ಗೆ ನಾವು ಏನೆನ್ನುತ್ತೇವೆ?

ಇನ್ನೊಂದು ಕಡೆ ಆದಾಯ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಜಕಾತಿ ನಾಕಾಗಳು ಮುಚ್ಚಿದವು. ತರಕಾರಿ, ಎಣ್ಣೆ ಲಾರಿಗಳು ನಾಕಾದಲ್ಲಿ ಗಂಟೆಗಟ್ಟಲೆ ನಿಲ್ಲುವುದು ತಪ್ಪಿತೆಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಪಾಲಿಕೆ ತನ್ನ ದೊಡ್ಡ ಸ್ವಂತ ಗಳಿಕೆಯನ್ನು ಕಳೆದುಕೊಂಡು ರಾಜ್ಯ ಸರಕಾರದ ಪರಿಹಾರಕ್ಕೆ ಕೈಚಾಚುವಂತಾಯಿತು. 2025-26ರಲ್ಲಿ ಈ ಪರಿಹಾರದ ಅಂದಾಜು 14,398 ಕೋಟಿ, ಕಂದಾಯ ಆದಾಯದ ಸುಮಾರು ಮೂರನೇ ಒಂದು ಪಾಲು. 2022ರಲ್ಲಿ 500 ಚದರ ಅಡಿಯೊಳಗಿನ ಮನೆಗಳಿಗೆ ಆಸ್ತಿ ತೆರಿಗೆ ಮಾಫಿಯಾಯಿತು. ಮನೆಗಳನ್ನು ಮುಟ್ಟುವಂತಿಲ್ಲ, ಅಲ್ಲಿ ಮತಗಳಿವೆ! ಉಳಿದದ್ದು ಅಂಗಡಿಯವನು, ಹೋಟೆಲಿನವನು. 2025ರ ಏಪ್ರಿಲ್‌ನಲ್ಲಿ ಕಸ ಎತ್ತುವುದಕ್ಕೂ ತಿಂಗಳ ಶುಲ್ಕ ವಿಧಿಸುವ ಕರಡು ಪ್ರಕಟವಾದಾಗಲೂ ಮನೆಗಿಂತ ಹೋಟೆಲಿಗೆ ಹೆಚ್ಚಿನ ದರವನ್ನೇ ಸೂಚಿಸಲಾಗಿತ್ತು.

ಹಾಗಾದರೆ ನೌಕರರ ಪಗಾರ ಕಡಿಮೆ ಮಾಡಿ, ಗುತ್ತಿಗೆಗೆ ಕೊಟ್ಟುಬಿಡಿ ಎಂಬ ಮಾತಿಗೆ ಬರೋಣ. ಇದನ್ನು ನಮ್ಮ ಹಿರಿಯ ಸದಸ್ಯರೇ ಹೇಳುತ್ತಾರೆ, ಅವರ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತಿದ್ದೇನೆ. ಗುತ್ತಿಗೆ ಅಗ್ಗ ಎಂಬುದು ಮೊದಲ ವರ್ಷದ ಲೆಕ್ಕ. ಕಸ ಸಾಗಿಸುವ 2,700 ಗುತ್ತಿಗೆ ಕಾರ್ಮಿಕರನ್ನು ಖಾಯಂ ಮಾಡಬೇಕೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಾರ್ಮಿಕರ ಪರವಾಗಿ ಮುಗಿಯಿತು. ಬೆಸ್ಟ್ ಬಸ್ಸುಗಳ ಕಥೆ ಇನ್ನೂ ಹತ್ತಿರದ್ದು. ಸ್ವಂತ ಬಸ್ಸು, ಸ್ವಂತ ಚಾಲಕ ದುಬಾರಿಯೆಂದು ಗುತ್ತಿಗೆ ಬಸ್ಸುಗಳನ್ನು ತಂದರು. ಕೆಲವು ಗುತ್ತಿಗೆದಾರರು ನಮಗೆ ಪೂರೈಸದೆಂದು ಮಧ್ಯದಲ್ಲೇ ಬಿಟ್ಟುಹೋದರು. 2025ರ ಮೇ 9ರಿಂದ ಕನಿಷ್ಠ ಟಿಕೆಟ್ 5ರಿಂದ 10 ರೂಪಾಯಿಗೆ ಏರಿತು. ಅಷ್ಟಾಗಿಯೂ ಪಾಲಿಕೆ ಆ ವರ್ಷ 1,000 ಕೋಟಿ ಕೊಡಬೇಕಾಯಿತು. ಸಯನ್, ಮಾಹಿಮ್ ಕಡೆ ಕೆಲಸಕ್ಕೆ ಬರುವ ನಮ್ಮ ಮಾಣಿಗಳ ತಿಂಗಳ ಬಸ್ ಖರ್ಚು ಎಷ್ಟಾಯಿತೆಂದು ಅವರನ್ನೇ ಕೇಳಿ. ಪಗಾರ ಏರಿಸಿ ಎಂದು ಅವರು ನಿಂತದ್ದು ನಮ್ಮ ಗಲ್ಲೆಯ ಮುಂದೆಯೇ.

ಧಾರಾವಿಯಲ್ಲಂತೂ ಅಗ್ಗದ ಕೆಲಸದ ಫಲವನ್ನು ನಾವು ದಿನಾ ಕಾಣುತ್ತೇವೆ. ದೊಡ್ಡ ರಸ್ತೆಗಳಿಗೆ ಪಾಲಿಕೆಯ ಖಾಯಂ ಝಾಡುವಾಲರು ಬರುತ್ತಾರೆ. ಒಳಗಲ್ಲಿಗಳಿಗೆ? ಮೊದಲು ‘ದತ್ತಕ ವಸ್ತಿ ಯೋಜನೆ’ ಎಂದಿತ್ತು, 2013ರಿಂದ ‘ಸ್ವಚ್ಛ ಮುಂಬಯಿ ಪ್ರಬೋಧನ ಅಭಿಯಾನ’ ಎಂದಾಯಿತು. ಹೆಸರು ಬದಲಾದರೂ ಕೆಲಸ ಸ್ಥಳೀಯ ಸಂಸ್ಥೆಗಳ ‘ಸ್ವಯಂಸೇವಕ’ರದ್ದೇ. ಅವರಿಗೆ ಸಿಗುವುದು ಪಗಾರವಲ್ಲ, ಮಾನಧನ. ಆ ಮಾನಧನಕ್ಕೆ ತಕ್ಕಂತೆ ಕೆಲಸವೂ ನಡೆಯುತ್ತದೆ, ಅವರನ್ನು ದೂರಿ ಏನು ಫಲ? ಗಟಾರ ತುಂಬಿ ಹೋಟೆಲಿನ ಮೆಟ್ಟಿಲಿಗೆ ಬಂದಾಗ ನಾವೇ ಕೈಯಿಂದ ದುಡ್ಡು ಕೊಟ್ಟು ಎತ್ತಿಸುತ್ತೇವೆ. ಆ ಖರ್ಚಿಗೆ ರಸೀದಿ ಇಲ್ಲ. ವರ್ಷಕ್ಕೆ ಎಷ್ಟಾಗುತ್ತದೆಂದು ಒಮ್ಮೆ ಬರೆದಿಟ್ಟು ನೋಡಿ.

2020ನ್ನು ಮರೆಯಬಾರದು. ಆ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೊನಾ ರೋಗಿ ಪತ್ತೆಯಾದಾಗ ಇಡೀ ದೇಶ ನಮ್ಮ ಗಲ್ಲಿಗಳ ಕಡೆ ಭಯದಿಂದ ನೋಡಿತು. ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಹೊಗಳಿದರು. ನಡುವಿನ ನೂರು ದಿನ ಸಾರ್ವಜನಿಕ ಶೌಚಾಲಯಗಳಿಗೆ ದಿನಕ್ಕೆ ಹಲವು ಸಲ ಔಷಧ ಹೊಡೆದವರು, ಮನೆ ಮನೆಗೆ ಹೋಗಿ ಜ್ವರ ನೋಡಿದವರು ಇದೇ ‘ಕೂತು ತಿನ್ನುವ’ ನೌಕರರು ಮತ್ತು ಅವರಿಗಿಂತ ಕಡಿಮೆ ಪಡೆಯುವ ಆರೋಗ್ಯ ಸೇವಿಕೆಯರು. 2025ರಲ್ಲಿ ಖಾಯಂ ನೌಕರರಿಗೆ 31,000 ಸಿಕ್ಕಾಗ ಈ ಸೇವಿಕೆಯರಿಗೆ ಸಿಕ್ಕ ಭಾವುಬೀಜ ಕಾಣಿಕೆ 14,000. ಸಿಟ್ಟಾಗಲು ಕಾರಣವೇ ಬೇಕೆಂದರೆ ಇದು ಇದೆ.

ಇನ್ನು ಪೊಲೀಸರ ವಿಷಯ. ಪಾಲಿಕೆಗೆ ತೆರಿಗೆ ಕಟ್ಟಿದರೂ ಪೊಲೀಸರು ನಮ್ಮನ್ನೇ ಸತಾಯಿಸುತ್ತಾರೆ ಎಂದು ಸಭೆಗಳಲ್ಲಿ ಒಟ್ಟಾಗಿ ಮಾತಾಡುವುದುಂಟು. ಇವು ಎರಡು ಬೇರೆ ಗಲ್ಲೆಗಳು. ವಿದೇಶದ ಹಲವು ನಗರಗಳಲ್ಲಿ ಪೊಲೀಸರ ಪಗಾರ ನಗರಸಭೆಯ ಬಜೆಟ್‌ನಿಂದಲೇ ಹೋಗುತ್ತದೆ, ಅಲ್ಲಿ ಪೊಲೀಸರು ಬೇಕೋ ಗ್ರಂಥಾಲಯ ಬೇಕೋ ಎಂದು ಜಗಳವಾಗುತ್ತದೆ. ನಮ್ಮಲ್ಲಿ ಮುಂಬಯಿ ಪೊಲೀಸರು ರಾಜ್ಯದ ಗೃಹ ಖಾತೆಗೆ ಸೇರಿದವರು. ನಗರಸೇವಕನಿಗೆ ಠಾಣೆಯ ಮೇಲೆ ಅಧಿಕಾರವಿಲ್ಲ. ರಾಜ್ಯದ ಗಲ್ಲೆಯೂ ಬಿಗಿಯಾಗಿದೆ. 2025-26ರಲ್ಲಿ ಲಾಡ್ಕಿ ಬಹಿಣ್ ಯೋಜನೆಯೊಂದಕ್ಕೇ 36,000 ಕೋಟಿ ಇಟ್ಟಿದ್ದರು. ಅದರ ಬಿಸಿ ನಮ್ಮ ಪರ್ಮಿಟ್ ರೂಮ್ ಸದಸ್ಯರಿಗೆ ತಟ್ಟಿತು: 2023ರಲ್ಲಿ ವ್ಯಾಟ್ 5ರಿಂದ 10 ಶೇಕಡಾ, 2025ರಲ್ಲಿ ಲೈಸೆನ್ಸ್ ಶುಲ್ಕ 15 ಶೇಕಡಾ ಹೆಚ್ಚಳ, ಅಬಕಾರಿ ಸುಂಕ 60 ಶೇಕಡಾ ಹೆಚ್ಚಳ. ಜುಲೈ 14ರಂದು ಆಹಾರ್ ಸಂಘಟನೆಯ ಕರೆಯಂತೆ ರಾಜ್ಯದಲ್ಲಿ ಬಾರುಗಳು ಬಂದ್ ಆದದ್ದು ಇದಕ್ಕೇ.

ಹೀಗೆ ನಮ್ಮಿಂದ ವಸೂಲಾದ ಹಣದಲ್ಲಿ ನಡೆಯುವ ಪೊಲೀಸ್ ಖಾತೆ ರಾತ್ರಿ ಹೊತ್ತು ಏನು ಮಾಡಬೇಕು ಎಂದು ಕೇಳುವ ಹಕ್ಕು ನಮಗಿದೆ. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮದ್ಯ ಮಾರದ ಹೋಟೆಲುಗಳಿಗೆ 24 ಗಂಟೆ ತೆರೆದಿರಲು ಅವಕಾಶ ಕೊಟ್ಟಿದೆ. ಪೊಲೀಸರು, ಸ್ಥಳೀಯ ಅಧಿಕಾರಿಗಳು ಅಡ್ಡಿಪಡಿಸುತ್ತಾರೆಂಬ ದೂರುಗಳು ಬಂದುದರಿಂದ 2025ರ ಅಕ್ಟೋಬರ್ 1ರಂದು ಸರಕಾರ ಮತ್ತೊಮ್ಮೆ ಸ್ಪಷ್ಟ ಆದೇಶ ಹೊರಡಿಸಬೇಕಾಯಿತು. ಎಂಟು ವರ್ಷದ ಹಿಂದಿನ ಕಾಯ್ದೆಯನ್ನು ಪಾಲಿಸಿ ಎನ್ನಲು ಇನ್ನೊಂದು ಆದೇಶ! ರಾತ್ರಿ ಪಾಳಿ ಮುಗಿಸಿದ ಚರ್ಮದ ಕೆಲಸಗಾರ, ಟೆಂಪೋ ಚಾಲಕ, ಸಯನ್ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಂತವನು ಒಂದು ಚಹಾ ಕುಡಿಯಲು ಬಂದರೆ ಶಟರ್ ಎಳೆಸುವುದು ಯಾವ ಅಪರಾಧವನ್ನು ತಡೆಯುತ್ತದೆ? ನಿಜವಾಗಿ ದೀಪ ಉರಿಯುವ ಹೋಟೆಲು ಇರುವ ಗಲ್ಲಿಯೇ ಹೆಚ್ಚು ಸುರಕ್ಷಿತ. ಕೆಲಸ ಮುಗಿಸಿ ಹೋಗುವ ಹುಡುಗರ ಮೊಬೈಲ್ ಕಸಿಯುವವರು, ಎಂ.ಡಿ. ಪುಡಿ ಮಾರುವವರು ಅಡಗುವುದು ಕತ್ತಲೆಯಲ್ಲೇ.

ಇದನ್ನು ಹೇಳುವಾಗ ಹವಾಲ್ದಾರನನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಹನ್ನೆರಡು ಗಂಟೆ ಡ್ಯೂಟಿ ಮಾಡಿದವನಿಗೆ ಗಲ್ಲಿ ಸುತ್ತುವ ಶಕ್ತಿ ಎಲ್ಲಿರುತ್ತದೆ? ರಸ್ತೆಯ ಬದಿಯ ಹೋಟೆಲಿನ ಶಟರ್ ಎಳೆಸುವುದು ಸುಲಭ, ಡೈರಿಯಲ್ಲಿ ಬರೆಯಲೂ ಸುಲಭ. ರವೀಂದ್ರ ಪಾಟೀಲ್ ಎಂಬ ಕಾನ್‌ಸ್ಟೇಬಲ್ ಎಂಟು ಗಂಟೆ ಪಾಳಿ ಸಾಧ್ಯವೆಂದು ಲೆಕ್ಕ ಹಾಕಿ ತೋರಿಸಿ, 2016ರ ಮೇಯಲ್ಲಿ ದೇವನಾರ್ ಠಾಣೆಯಲ್ಲಿ ಅದು ಜಾರಿಗೂ ಬಂದಿತ್ತು. ಮುಂದೆ ಜನ ಸಾಲದೆ 2023ರಲ್ಲಿ ರಾಜ್ಯ ಸುರಕ್ಷಾ ಮಹಾಮಂಡಳದಿಂದ 3,000 ಸಿಬ್ಬಂದಿಯನ್ನು ಗುತ್ತಿಗೆಯ ಮೇಲೆ ಪಡೆಯಬೇಕಾಯಿತು. (ಹನ್ನೆರಡು ಗಂಟೆ ಪಾಳಿಯ ಬಗ್ಗೆ ನಾವು ಹೋಟೆಲಿನವರು ಮಾತನಾಡಿದರೆ ನಮ್ಮ ಭಟ್ಟರು, ಮೋರಿಯ ಹುಡುಗರು ನಕ್ಕಾರು, ಆ ಮಾತು ಇನ್ನೊಮ್ಮೆ.)

ಹಾಗಾಗಿ ಗಾಲಾ ತೆರಿಗೆಯೇ ಬೇಡ ಎಂಬ ಘೋಷಣೆಗೆ ನಮ್ಮ ಸಂಘ ಸೇರಬಾರದು ಎಂದು ನನ್ನ ಅಭಿಪ್ರಾಯ. ಧಾರಾವಿಯ ಪುನರ್ವಿಕಾಸಕ್ಕೆ 2024ರ ಮಾರ್ಚ್‌ನಿಂದ ಸಮೀಕ್ಷೆ ನಡೆದಿದೆ. ತಾನು ಇಲ್ಲಿ ವ್ಯಾಪಾರ ಮಾಡುತ್ತಿದ್ದೆ ಎಂದು ತೋರಿಸಲು ಒಂದು ಕಾಗದವೂ ಇಲ್ಲದವರು ನಮ್ಮಲ್ಲೇ ಇದ್ದಾರೆ. ಕರ ಕಟ್ಟಿದ ಮಾತ್ರಕ್ಕೆ ಜಾಗ ಸಕ್ರಮವಾಗದು ಎಂಬುದು ಪಾಲಿಕೆಯ ಹಳೆಯ ವರಸೆ, ಅದು ಗೊತ್ತು. ಹಾಗಿದ್ದರೂ ಹಫ್ತಾಕ್ಕೆ ರಸೀದಿ ಸಿಗುವುದಿಲ್ಲ, ತೆರಿಗೆಗೆ ಸಿಗುತ್ತದೆ. ಕೊಡೋಣ, ಆದರೆ ಚದರ ಅಡಿಗೆ ತಕ್ಕ ದರವಿರಲಿ, ಸಣ್ಣ ಗಾಲಾಕ್ಕೆ ರಿಯಾಯಿತಿ ಇರಲಿ, ತೆರಿಗೆ ಬಂದ ಗಲ್ಲಿಗೆ ಖಾಯಂ ಝಾಡುವಾಲ ಬರಲಿ, ಹೋಟೆಲು ಮುಚ್ಚುವ ಹೊತ್ತಿಗೆ ಕಸದ ಗಾಡಿಯೊಂದು ಬರಲಿ. ಇಷ್ಟನ್ನು ಒಪ್ಪಿದರೆ ಕಸದ ಪ್ರತ್ಯೇಕ ಶುಲ್ಕ ಏಕೆ ಎಂದೂ ಕೇಳಬಹುದು.

2022ರ ಮಾರ್ಚ್‌ನಿಂದ ನಾಲ್ಕು ವರ್ಷದ ಹತ್ತಿರ ಪಾಲಿಕೆಯನ್ನು ಆಡಳಿತಾಧಿಕಾರಿ ಒಬ್ಬರೇ ನಡೆಸಿದರು, ಬಜೆಟ್ ಬಗ್ಗೆ ಪ್ರಶ್ನೆ ಕೇಳಲು ಸಭೆಯಲ್ಲಿ ಯಾರೂ ಇರಲಿಲ್ಲ. 2026ರ ಜನವರಿ 15ರ ಚುನಾವಣೆಯಿಂದ 227 ನಗರಸೇವಕರು ಬಂದಿದ್ದಾರೆ. ನಮ್ಮ ಜಿ-ಉತ್ತರ ವಾರ್ಡಿನವರ ಬಳಿ ಈ ಬೇಡಿಕೆ ಒಯ್ಯಬೇಕು. ರಾತ್ರಿ ಶಟರಿನ ವಿಷಯವನ್ನು ಅವರ ಬಳಿ ಅಲ್ಲ, ಅಕ್ಟೋಬರ್ 1ರ ಆದೇಶದ ಪ್ರತಿಯೊಡನೆ ಪೊಲೀಸ್ ಉಪ ಆಯುಕ್ತರ ಬಳಿ. ಧಾರಾವಿಯ ಸದಸ್ಯರು ತಮ್ಮ ಗಾಲಾದ ಅಳತೆ, 394ನೇ ಕಲಮಿನ ಲೈಸೆನ್ಸ್ ಇದ್ದರೆ ಅದರ ಪ್ರತಿ, ಕರೆಂಟ್ ಬಿಲ್, ಜೊತೆಗೆ ಕಸ-ಗಟಾರಕ್ಕೆ ಕೈಯಿಂದ ಕೊಟ್ಟ ಒಂದು ತಿಂಗಳ ಖರ್ಚಿನ ಚೀಟಿಯನ್ನು ಸಂಘದ ಕಚೇರಿಗೆ ತಲುಪಿಸಿದರೆ ಅರ್ಜಿಯ ಕರಡನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಇಡಬಹುದು.