ಗ್ಯಾಬನ್ ದೇಶಕ್ಕೆ ಹೊರಡುವ ಹಿರಿಯರಿಗೆ

ದೂರದೇಶದಲ್ಲಿ ದುಡಿಯುವ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಳ್ಳುವುದು ನಮ್ಮ ಮನೆತನಗಳಲ್ಲಿ ಈಗ ಸಾಮಾನ್ಯ ಸಂಗತಿ. ಅಮೆರಿಕ, ಇಂಗ್ಲೆಂಡುಗಳಿಗೆ ಹೋಗಿಬಂದವರು ಊರೂರಿನಲ್ಲಿದ್ದಾರೆ; ಅವರನ್ನು ಕೇಳಿದರೆ ಬೇಕಾದ ತಿಳಿವಳಿಕೆ ದೊರೆಯುತ್ತದೆ. ಮಧ್ಯ ಆಫ್ರಿಕೆಗೆ ಹೊರಟವರಿಗೆ ಆ ಅನುಕೂಲವಿಲ್ಲ. ಅಲ್ಲಿನ ಗ್ಯಾಬನ್ ದೇಶದಲ್ಲಿ ಮರದ ಉದ್ಯಮ, ವ್ಯಾಪಾರಗಳ ನಿಮಿತ್ತ ಭಾರತೀಯರು ನೆಲೆಸಿದ್ದಾರೆ. ಅಂಥವರ ಮನೆಗೆ ಹೋಗಬಯಸುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳ ಮಾತುಗಳನ್ನು ಬರೆಯುತ್ತಿದ್ದೇವೆ.

ಗ್ಯಾಬನ್ ಭೂಮಧ್ಯರೇಖೆಯ ಮೇಲೆಯೇ ಇರುವ ನಾಡು. ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ 25 ಲಕ್ಷದ ಆಸುಪಾಸು. ಉಳಿದುದೆಲ್ಲ ಕಾಡು ಎಂದರೆ ಅತಿಶಯೋಕ್ತಿಯಲ್ಲ, ನೆಲದ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಅರಣ್ಯವೇ. ಫ್ರೆಂಚರ ಆಳ್ವಿಕೆಯಿಂದ 1960ರಲ್ಲಿ ಬಿಡುಗಡೆ ಹೊಂದಿತು. ರಾಜಧಾನಿ ಲಿಬ್ರವಿಲ್, ಗುಲಾಮಗಿರಿಯಿಂದ ಬಿಡಿಸಲ್ಪಟ್ಟವರನ್ನು 1849ರಲ್ಲಿ ಅಲ್ಲಿ ನೆಲೆಗೊಳಿಸಿದ್ದರಿಂದ 'ಮುಕ್ತನಗರ' ಎಂಬ ಅರ್ಥದ ಆ ಹೆಸರು ಬಂದಿತು. 2023ರ ಆಗಸ್ಟ್‌ನಲ್ಲಿ ಸೇನೆಯು ಅಧಿಕಾರ ವಹಿಸಿಕೊಂಡಿತ್ತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಲಿಬ್ರವಿಲ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ತಮ್ಮ ಬರವನ್ನು ಮೊದಲೇ ತಿಳಿಸಿರುವುದು ಲೇಸು.

ಪ್ರಯಾಣದ ಚೀಟಿಗಿಂತ ಮುಂಚೆ ಯೋಚಿಸಬೇಕಾದುದು ಹಳದಿ ಜ್ವರದ ಲಸಿಕೆಯನ್ನು. ಇದರ ಪ್ರಮಾಣಪತ್ರವಿಲ್ಲದೆ ಆ ದೇಶಕ್ಕೆ ಪ್ರವೇಶವಿಲ್ಲ. ಅದಿಲ್ಲದೆ ಅಲ್ಲಿಂದ ಹಿಂದಿರುಗಿದವರನ್ನು ನಮ್ಮ ಸರ್ಕಾರವೂ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಲ್ಲದು. ಊರಿನ ದವಾಖಾನೆಯಲ್ಲಿ ಇದು ದೊರೆಯದು. ಸರ್ಕಾರ ಮಾನ್ಯ ಮಾಡಿದ ಕೆಲವೇ ಕೇಂದ್ರಗಳಲ್ಲಿ, ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು ಹಾಕಿಸಿಕೊಳ್ಳಬೇಕು. ಹಾಕಿಸಿದ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. 2016ರ ಜುಲೈಯಿಂದೀಚೆಗೆ ಅದು ಜೀವನಪರ್ಯಂತ ಸಲ್ಲುತ್ತದೆ. ಅದರಲ್ಲಿ ಬರೆದ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿರಿ. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮವರಲ್ಲಿ ಅಪರೂಪವಲ್ಲ.

ಅರವತ್ತು ದಾಟಿದವರು ಇಲ್ಲೊಂದು ಮಾತನ್ನು ಗಮನಿಸಬೇಕು. ಈ ಲಸಿಕೆಯನ್ನು ಮೊದಲ ಸಲ ತೆಗೆದುಕೊಳ್ಳುವ ವೃದ್ಧರಲ್ಲಿ ತೀವ್ರ ಅಡ್ಡಪರಿಣಾಮದ ಸಂಭವ ಅಪರೂಪವಾದರೂ ಉಳಿದವರಿಗಿಂತ ಹೆಚ್ಚು. ರೋಗನಿರೋಧಕ ಶಕ್ತಿ ಕುಗ್ಗಿದವರೂ, ಮೊಟ್ಟೆಯ ಅಲರ್ಜಿ ತೀವ್ರವಾಗಿರುವವರೂ ಸಹ ವೈದ್ಯರಿಗೆ ಎಲ್ಲವನ್ನೂ ತಿಳಿಸಿಯೇ ಮುಂದುವರಿಯಬೇಕು. ಲಸಿಕೆ ಕೂಡದೆಂದು ವೈದ್ಯರು ಹೇಳಿದರೆ ವಿನಾಯಿತಿ ಪತ್ರ ಕೊಡುವುದುಂಟು. ಆದರೆ ಪತ್ರವು ಸೊಳ್ಳೆಯನ್ನು ತಡೆಯಲಾರದು. ಅಂಥವರು ಮೊಮ್ಮಕ್ಕಳನ್ನೇ ಇಲ್ಲಿಗೆ ಕರೆಸಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ಮಲೇರಿಯಾ. ಹಳದಿ ಜ್ವರಕ್ಕೆ ಹೆದರುವ ನಾವು ಇದನ್ನು ಲಘುವಾಗಿ ಎಣಿಸುತ್ತೇವೆ. ಚಳಿಜ್ವರ ನಮಗೇನು ಹೊಸದೇ ಎನ್ನುತ್ತೇವೆ. ಆದರೆ ಮಂಗಳೂರಿನ ಕಡೆ ಬಹುವಾಗಿ ಕಂಡುಬಂದದ್ದು ವೈವ್ಯಾಕ್ಸ್ ಎಂಬ ಬಗೆ. ಗ್ಯಾಬನ್ನಿನದು ಹೆಚ್ಚಾಗಿ ಫಾಲ್ಸಿಪ್ಯಾರಮ್. ಮಿದುಳಿಗೂ ಮೂತ್ರಪಿಂಡಕ್ಕೂ ಏರಿ, ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. "ಇಲ್ಲಿ ಯಾರೂ ಗುಳಿಗೆ ನುಂಗುವುದಿಲ್ಲ, ಅಪ್ಪಾ" ಎಂದು ಮಗ ದೂರವಾಣಿಯಲ್ಲಿ ಹೇಳಿದರೆ ಅದನ್ನು ಪ್ರಮಾಣವೆಂದು ಹಿಡಿಯಬೇಡಿರಿ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಮರಳಿ ಮರಳಿ ಜ್ವರ ಬಂದು ಒಂದಿಷ್ಟು ತಾಳಿಕೆ ಬಂದಿರುತ್ತದೆ. ಹೊಸದಾಗಿ ಹೋದವರಿಗೆ ಅದಿಲ್ಲ. ತಡೆಗುಳಿಗೆಗಳಲ್ಲಿ ಹಲವು ಬಗೆಗಳುಂಟು. ಡಾಕ್ಸಿಸೈಕ್ಲಿನ್ ಎಂಬುದನ್ನು ಹೊರಡುವ ಒಂದೆರಡು ದಿನ ಮುಂಚೆ ಆರಂಭಿಸಿ, ಮರಳಿದ ಮೇಲೂ ನಾಲ್ಕು ವಾರ ನಡೆಸಬೇಕು. ಮೆಫ್ಲೊಕ್ವಿನ್ ಎಂಬುದನ್ನು ಎರಡು ಮೂರು ವಾರ ಮೊದಲೇ ತೊಡಗಬೇಕು. ರಕ್ತದೊತ್ತಡ, ಮಧುಮೇಹಗಳಿಗೆ ಔಷಧ ಸೇವಿಸುವವರಿಗೆ ಯಾವುದು ಹೊಂದುವುದೆಂಬುದನ್ನು ವೈದ್ಯರೇ ಹೇಳಬೇಕು. ಗುಳಿಗೆಯೂ ಪೂರ್ಣ ರಕ್ಷೆಯಲ್ಲ. ಮಲೇರಿಯಾದ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಆ ಹೊತ್ತಿನಲ್ಲಿ ಮೈತುಂಬ ಬಟ್ಟೆ ಇರಲಿ, ಔಷಧ ಲೇಪಿಸಿದ ಪರದೆಯಲ್ಲಿಯೇ ಮಲಗಿರಿ.

ಊಟದ ವಿಷಯಕ್ಕೆ ಬಂದರೆ, ಶಾಕಾಹಾರ ಎಂಬ ಕಲ್ಪನೆಯೇ ಅಲ್ಲಿ ಅಪರಿಚಿತ. ಬಾಳೆಕಾಯಿ, ಮರಗೆಣಸು, ಅಕ್ಕಿ, ಹಣ್ಣುಗಳಿಗೆ ಕೊರತೆಯಿಲ್ಲ. ಮರಗೆಣಸನ್ನು ನೆನೆಯಿಟ್ಟು ಅರೆದು ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು ಅವರ ನಿತ್ಯದ ಅನ್ನ. ತುಸು ಹುಳಿಯಾದರೂ ಬಾಧಕವಿಲ್ಲ. ಮೋಸಹೋಗುವುದು ಸೊಪ್ಪಿನ ಪಲ್ಯದಲ್ಲಿ. ಮರಗೆಣಸಿನ ಎಲೆಯ ಪಲ್ಯ ನೋಡಲು ಅಪ್ಪಟ ಸೊಪ್ಪೇ. ಒಳಗೆ ಒಣಮೀನು ಬೆರೆತಿರುವುದೇ ಹೆಚ್ಚು. ಅಲ್ಲಿನ ವ್ಯವಹಾರ ಭಾಷೆ ಫ್ರೆಂಚ್. 'ಸಾಂ ವಿಯಾಂದ್' ಎಂದರೆ ಮಾಂಸವಿಲ್ಲದೆ ಎಂದರ್ಥ; ಅಷ್ಟೇ ಹೇಳಿದರೆ ಮೀನು ಬಂದೀತು. ಆದುದರಿಂದ ಮೀನಿಲ್ಲದೆ, 'ಸಾಂ ಪುವಾಸೋಂ', ಕೋಳಿಯಿಲ್ಲದೆ, 'ಸಾಂ ಪುಲೆ' ಎಂದು ಒಂದೊಂದನ್ನೂ ಬಿಡಿಸಿ ಹೇಳಬೇಕು. ಫ್ರೆಂಚ್ ಬಲ್ಲವರಿಂದ ಚೀಟಿಯಲ್ಲಿ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುವವರು ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ. ಅಲ್ಲಿನ ತೇವದ ಹವೆಗೆ ಖಡಕ್ ರೊಟ್ಟಿ ಸಂಜೆಯೊಳಗೆ ಮೆತ್ತಗಾದೀತು. ದಾರಿಬದಿಯಲ್ಲಿ ಕಾಡುಪ್ರಾಣಿಗಳ ಮಾಂಸ ಮಾರುವುದು ಕಾಣುತ್ತದೆ. ಜನರ ಮುಂದೆ ಮುಖ ಸಿಂಡರಿಸುವುದು ಸೌಜನ್ಯವಲ್ಲ, ಆದರೆ ಮುಟ್ಟಲೂ ಕೂಡದು. ಆ ದೇಶದ ಈಶಾನ್ಯದಲ್ಲಿ 1994ರಿಂದ 2002ರೊಳಗೆ ಹಲವು ಸಲ ಎಬೋಲಾ ರೋಗ ತಲೆದೋರಿತ್ತು. ಸತ್ತ ಕಾಡುಪ್ರಾಣಿಗಳ ಸಂಪರ್ಕವೂ ಅದಕ್ಕೆ ಕಾರಣವಾಗಿತ್ತು.

ಹೋಗಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣಗಾಲ ಪ್ರಶಸ್ತ. ನಮ್ಮಲ್ಲಿ ಮಳೆಗಾಲವಾದಾಗ ಅಲ್ಲಿ ಮೋಡ ಕವಿದರೂ ಮಳೆ ವಿರಳ. ಅದ್ದಿಸ್ ಅಬಾಬಾ, ಇಸ್ತಾಂಬುಲ್ ಅಥವಾ ಪ್ಯಾರಿಸ್ ಮೂಲಕ ವಿಮಾನಗಳಿವೆ. ರೂಪಾಯಿ ಅಲ್ಲಿ ನಡೆಯದು, ಯೂರೋ ಒಯ್ಯಬೇಕು. ಒಂದು ಯೂರೋಗೆ 655.957 ಸಿಎಫ್‌ಎ ಫ್ರಾಂಕ್ ಎಂಬುದು ಕಟ್ಟಳೆಯಾದ ದರ. ಪಶ್ಚಿಮ ಆಫ್ರಿಕೆಯ ಫ್ರಾಂಕಿಗೂ ಬೆಲೆ ಅಷ್ಟೇ ಆದರೂ ಆ ನೋಟು ಗ್ಯಾಬನ್ನಿನ ಅಂಗಡಿಗಳಲ್ಲಿ ಸಲ್ಲುವುದಿಲ್ಲ. ರಸ್ತೆಯಲ್ಲಿ ಪೊಲೀಸರ ತಪಾಸಣೆ ಇರುತ್ತದೆ. ಪಾಸ್‌ಪೋರ್ಟ್, ಲಸಿಕೆಪತ್ರಗಳ ನಕಲು ಸದಾ ಜೊತೆಗಿರಲಿ. ಅಧ್ಯಕ್ಷರ ಭವನ, ಸೇನೆಯ ನೆಲೆಗಳ ಭಾವಚಿತ್ರ ತೆಗೆಯಬೇಡಿರಿ.

ಎರಡು ದಿನ ಬಿಡುವಿದ್ದರೆ ಓಗೂಎ ನದಿಯ ಮೇಲಿನ ಲಾಂಬರೆನೆ ಊರನ್ನು ನೋಡಿಬನ್ನಿರಿ. ರಾಜಧಾನಿಯಿಂದ ಹೋಗುವ ದಾರಿ ಭೂಮಧ್ಯರೇಖೆಯನ್ನು ದಾಟುತ್ತದೆ. ಆಲ್ಬರ್ಟ್ ಶ್ವೈಟ್ಜರ್ ಅವರು 1913ರಲ್ಲಿ ಆಸ್ಪತ್ರೆ ಕಟ್ಟಿದ್ದು, 1965ರಲ್ಲಿ ದೇಹವಿಟ್ಟದ್ದು, ಸಮಾಧಿಯಾದದ್ದು ಅಲ್ಲಿಯೇ. ಅವರು ಭಾರತೀಯ ಚಿಂತನೆಯ ಮೇಲೊಂದು ಗ್ರಂಥವನ್ನೂ ಬರೆದರು. ನಮ್ಮ ದರ್ಶನಗಳು ಲೋಕವನ್ನು ನಿರಾಕರಿಸುತ್ತವೆ ಎಂಬ ಅವರ ನಿರ್ಣಯವನ್ನು ನಾವು ಒಪ್ಪುವುದಿಲ್ಲ. ಆದರೆ ಆ ಕಾಡಿನಲ್ಲಿ ಅವರು ಸವೆಸಿದ ಆಯುಷ್ಯಕ್ಕೆ ತಲೆಬಾಗುತ್ತೇವೆ. ಲಾಂಬರೆನೆಯಲ್ಲಿ ಮಲೇರಿಯಾ ಸಂಶೋಧನೆ ಇಂದಿಗೂ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಕ್ಕಳಿಗೆಂದು ಶಿಫಾರಸು ಮಾಡಿದ ಮಲೇರಿಯಾ ಲಸಿಕೆಯ ಪರೀಕ್ಷೆ ನಡೆದ ಸ್ಥಳಗಳಲ್ಲಿ ಅದೂ ಒಂದು.

ಊರಿಗೆ ಮರಳಿದ ಮೇಲೆ ಮೂರು ತಿಂಗಳೊಳಗೆ, ಅದರಾಚೆಗೂ ಕೂಡ, ಜ್ವರ ಬಂದರೆ ಕಷಾಯ ಕುಡಿದು ಕಾಯಬೇಡಿರಿ. ಅದೇ ದಿನ ವೈದ್ಯರಲ್ಲಿಗೆ ಹೋಗಿ, ಬಾಯಿಬಿಟ್ಟು ಹೇಳಿರಿ: ಮಧ್ಯ ಆಫ್ರಿಕೆಯ ಗ್ಯಾಬನ್‌ಗೆ ಹೋಗಿದ್ದೆವು, ಇಂಥ ದಿನ ಬಂದೆವು, ಮಲೇರಿಯಾಕ್ಕೆ ರಕ್ತ ಪರೀಕ್ಷಿಸಿರಿ ಎಂದು. ಅವರು ಕೇಳಲಿ ಎಂದು ಕಾದರೆ ವೈರಾಣು ಜ್ವರದ ಗುಳಿಗೆ ಕೈಗೆ ಬರುತ್ತದೆ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮರುದಿನ ಮತ್ತೊಮ್ಮೆ ರಕ್ತ ಕೊಡಿರಿ.